ಸಮುದಾಯ ಭವನದ ರ‍್ಯಾಂಪ್, ಜಾತ್ರೆ, ದಾಸೋಹ: ಊರಿನ ವಿಕಲಚೇತನರೂ ನಮ್ಮೊಳಗೇ ಇರುವಂತೆ ಏನೇನು ಮಾಡಬೇಕು?

ಜಾತ್ರೆಕಮಿಟಿ_ದಾವಣಗೆರೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ದಾವಣಗೆರೆ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಗುಡಿಗೆ ಸೇರಿದ ಸಮುದಾಯ ಭವನ ಇದೆ. ಮದುವೆ, ದಾಸೋಹ, ಸಂಘದ ಸಭೆ ಎಲ್ಲವೂ ಅಲ್ಲೇ. ಈಗ ದುರಸ್ತಿ ಕೆಲಸ ಹಿಡಿದಿದ್ದೇವೆ. ಭವನ 40 ಅಡಿ ಅಗಲ, 70 ಅಡಿ ಉದ್ದ. ಮಳೆನೀರು ನುಗ್ಗದಿರಲಿ ಎಂದು ಹಿಂದಿನವರು ಪಾಯವನ್ನು 3 ಅಡಿ ಎತ್ತರಿಸಿದ್ದಾರೆ. ಮುಂದೆ ಜಗಲಿ, ಜಗಲಿಗೆ ಆರು ಮೆಟ್ಟಿಲು. ಮೆಟ್ಟಿಲಿನ ಕಡೆಯಿಂದ ರಸ್ತೆಗೆ 12 ಅಡಿ ಜಾಗ. ಎಡಗೋಡೆಯ ಪಕ್ಕ ಉದ್ದಕ್ಕೂ 10 ಅಡಿ ಖಾಲಿ ಬಿದ್ದಿದೆ. ನೆಲ ಎರೆಮಣ್ಣು.

ಗುತ್ತಿಗೆದಾರರು ಮುಂದಿನ 12 ಅಡಿಯಲ್ಲೇ ನೇರವಾಗಿ ಒಂದು ರ‍್ಯಾಂಪ್ ಎಳೆದು, ಅದಕ್ಕೆ ಪಾಲಿಶ್ ಗ್ರಾನೈಟ್ ಹಾಸಿ ಕೊಡುತ್ತೇನೆ ಅನ್ನುತ್ತಿದ್ದಾರೆ. ಅದು ಸರಿಯೇ?

ಇನ್ನೊಂದು ವಿಷಯ ನನಗೆ ಇದಕ್ಕಿಂತ ದೊಡ್ಡದು. ಊರಿನಲ್ಲಿ ಗಾಲಿಕುರ್ಚಿ ಬಳಸುವವರಿದ್ದಾರೆ, ಪೋಲಿಯೊದಿಂದಾಗಿ ಕಾಲಿಗೆ ಕ್ಯಾಲಿಪರ್ ಎಂಬ ಕಬ್ಬಿಣದ ಆಸರೆ ಹಾಕುವವರಿದ್ದಾರೆ, ಕಣ್ಣು ಕಾಣದವರು, ಕಿವಿ ಕೇಳದ ಹುಡುಗರು, ಬುದ್ಧಿ ಬೆಳವಣಿಗೆ ನಿಧಾನವಾದ ಮಕ್ಕಳು ಇದ್ದಾರೆ. ಜಾತ್ರೆ ದಿನ ಇವರಲ್ಲಿ ಹೆಚ್ಚಿನವರು ಮನೆಯಲ್ಲೇ ಉಳಿಯುತ್ತಾರೆ. ಪ್ರಸಾದ ಮನೆಗೆ ಹೋಗುತ್ತದೆ. ಬಂದವರನ್ನು ಒಂದು ಮೂಲೆಯಲ್ಲಿ ಕೂರಿಸಿ ಬೇಗ ಊಟ ಹಾಕಿ ಕಳಿಸುತ್ತೇವೆ. ಅದು ಮರ್ಯಾದೆ ಎಂದೇ ಊರಿನವರು ತಿಳಿದಿದ್ದಾರೆ. ಅವರೂ ಊರಿನ ಒಳಗಿನವರಾಗಿ ಇರುವಂತೆ ಏನು ಮಾಡಬಹುದು? ಗೊತ್ತಿರುವವರು ಅಳತೆ ಸಮೇತ ಹೇಳಿ.

ಹರಿಹರ_ಸಿವಿಲ್:

ಆ ನಕ್ಷೆಗೆ ಒಪ್ಪಿಗೆ ಕೊಡಬೇಡಿ ಸರ್. 3 ಅಡಿ ಎತ್ತರವನ್ನು 12 ಅಡಿಯಲ್ಲಿ ಹತ್ತಿಸಿದರೆ ನಾಲ್ಕಕ್ಕೆ ಒಂದರ ಇಳಿಜಾರು. ಕುರ್ಚಿಯಲ್ಲಿ ಕೂತವರು ತಾವೇ ಚಕ್ರ ತಳ್ಳಿ ಅದನ್ನು ಹತ್ತಲಾರರು. ಹಿಂದಿನಿಂದ ಒಬ್ಬರು ದೂಡಿದರೂ ಮುಂದಿನ ಪುಟ್ಟ ಚಕ್ರ ಎದ್ದು ಕುರ್ಚಿ ಹಿಂದಕ್ಕೆ ಮಗುಚುತ್ತದೆ. ಇಳಿಯುವಾಗ ಅಪಾಯ ಇನ್ನೂ ಹೆಚ್ಚು.

ಹನ್ನೆರಡಕ್ಕೆ ಒಂದು, ಇದಕ್ಕಿಂತ ಕಡಿದಾಗಬಾರದು. ಒಂದು ಇಂಚು ಏರಲು ಒಂದು ಅಡಿ ಉದ್ದ ಅಂತ ಲೆಕ್ಕ ಇಟ್ಟುಕೊಳ್ಳಿ. ನಿಮ್ಮ 36 ಇಂಚಿಗೆ 36 ಅಡಿ ಬೇಕು. ಒಂದೇ ಏಟಿಗೆ 30 ಅಡಿಗಿಂತ ಉದ್ದ ಹತ್ತಿಸುವಂತಿಲ್ಲ, ನಡುವೆ ಕೈಗೆ ವಿಶ್ರಾಂತಿ ಕೊಡುವ ಮಟ್ಟಸ ಜಾಗ ಇರಬೇಕು. ಆದ್ದರಿಂದ ಮುಂದಿನ ಜಾಗ ಬಿಡಿ, ಎಡಗಡೆಯ 10 ಅಡಿಯನ್ನು ಬಳಸಿ. ಗೇಟಿನ ಹತ್ತಿರ, ಕಾಂಪೌಂಡ್ ಕಡೆಯ ಸಾಲಿನಲ್ಲಿ ಶುರು ಮಾಡಿ 18 ಅಡಿ ಹಿಂದಕ್ಕೆ ಹೋಗಲಿ, ಅಲ್ಲಿಗೆ ಒಂದೂವರೆ ಅಡಿ ಏರಿರುತ್ತದೆ. ಅಲ್ಲಿ 5 ಅಡಿ ಮಟ್ಟಸ ಜಾಗ, ಪೂರ್ತಿ 9 ಅಡಿ ಅಗಲಕ್ಕೆ. ಅಲ್ಲಿಂದ ತಿರುಗಿ ಭವನದ ಗೋಡೆಗೆ ಅಂಟಿದ ಸಾಲಿನಲ್ಲಿ ಇನ್ನು 18 ಅಡಿ ಮುಂದಕ್ಕೆ ಬಂದು ಜಗಲಿಗೇ ಸೇರಲಿ. ಎರಡು ಸಾಲು ತಲಾ 4 ಅಡಿ, ನಡುಗೋಡೆ ಹೊರಗೋಡೆ ತಲಾ ಅರ್ಧ ಅಡಿ, ಒಟ್ಟು 9 ಅಡಿ. ಉಳಿದ ಒಂದು ಅಡಿ ನೀರು ಹರಿಯಲು.

ಹಿಂದಿನ ಬಾಗಿಲಿಗೆ ನೇರವಾಗಿ ಹತ್ತಿಸಿದರೆ ಸುಲಭ ಅಲ್ಲವೇ ಎಂದು ಗುತ್ತಿಗೆದಾರರು ಕೇಳುತ್ತಾರೆ. ಒಪ್ಪಬೇಡಿ. ಹಿಂದಿನ ಬಾಗಿಲು ಅಂದರೆ ಪಾತ್ರೆ ತೊಳೆಯುವ ಜಾಗ, ಗ್ಯಾಸ್ ಸಿಲಿಂಡರು, ಮುಸುರೆ ನೀರು. ಮದುವೆಗೆ ಬಂದ ಮನುಷ್ಯ ಅರಿಶಿಣ ಕುಂಕುಮ, ಪನ್ನೀರು ಇರುವ ಬಾಗಿಲಿನಿಂದಲೇ ಒಳಗೆ ಬರಬೇಕು.

ಎರೆಮಣ್ಣು ಅಂದಿರಿ, ಅದಕ್ಕೆ ಇದು ಮುಖ್ಯ. ಎರೆ ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಅದರ ಮೇಲೆ ಹಾಗೇ ಕಾಂಕ್ರೀಟ್ ಸುರಿದರೆ ಒಂದೆರಡು ಮಳೆಗಾಲದಲ್ಲಿ ರ‍್ಯಾಂಪ್ ಕುಸಿದು, ಜಗಲಿ ಸೇರುವಲ್ಲಿ ಅಂಚು ಎದ್ದು ನಿಲ್ಲುತ್ತದೆ. ಅರ್ಧ ಇಂಚಿನ ಅಂಚು ಸಾಕು, ಕುರ್ಚಿಯ ಮುಂದಿನ ಚಕ್ರ ತಡೆದು ಕೂತವರು ಮುಗ್ಗರಿಸುತ್ತಾರೆ. ಆದ್ದರಿಂದ ಎರೆಮಣ್ಣನ್ನು ಎರಡು ಅಡಿಯಾದರೂ ತೆಗೆಸಿ, ಗರಸು ತುಂಬಿಸಿ. ಒಂದೊಂದು ಸಲಕ್ಕೆ ಆರು ಇಂಚು ಹರಡಿ, ನೀರು ಹಾಕಿ, ಗುದ್ದಿ, ಆಮೇಲೆ ಮುಂದಿನ ಪದರ. ಮೂರು ಅಡಿ ಒಮ್ಮೆಗೇ ಸುರಿದು ಮೇಲೆ ಮಾತ್ರ ಗುದ್ದುವವರೇ ಹೆಚ್ಚು, ಕುಸಿಯುವುದೂ ಅದಕ್ಕೇ. ಹೊರಗೋಡೆಗೂ ಪಾಯ ಗಟ್ಟಿ ನೆಲದವರೆಗೆ ಇಳಿಯಲಿ.

ಮೇಲೆ 4 ಇಂಚು ಎಂ20 ಕಾಂಕ್ರೀಟ್. ಎರಡು ಸಾಲು, ನಡುವಿನ ಮಟ್ಟಸ, ಮೇಲಿನ ಮಟ್ಟಸ ಸೇರಿ ಸುಮಾರು 210 ಚದರ ಅಡಿ, ಅಂದರೆ 70 ಘನ ಅಡಿ ಕಾಂಕ್ರೀಟ್. ಒಂದಕ್ಕೆ ಒಂದೂವರೆ, ಮೂರರ ಮಿಶ್ರಣದಲ್ಲಿ 16 ಚೀಲ ಸಿಮೆಂಟು, 32 ಘನ ಅಡಿ ಮರಳು, 63 ಘನ ಅಡಿ ಜಲ್ಲಿ. ನೆಲದಿಂದ ಮೇಲಿನ ಭರ್ತಿಗೆ ಗರಸು 350 ಘನ ಅಡಿ ಹಿಡಿಯಿರಿ, ತೆಗೆದ ಎರೆಮಣ್ಣಿನ ಜಾಗಕ್ಕೆ ಬೇಕಾದದ್ದು ಬೇರೆ.

ಪಾಲಿಶ್ ಗ್ರಾನೈಟ್ ಬೇಡವೇ ಬೇಡ. ಒದ್ದೆಯಾದರೆ ಊರುಗೋಲಿನ ರಬ್ಬರು ಅದರ ಮೇಲೆ ನಿಲ್ಲುವುದಿಲ್ಲ. ಕಾಂಕ್ರೀಟು ಹಸಿ ಇರುವಾಗಲೇ ಕಡ್ಡಿ ಪೊರಕೆಯಿಂದ ಅಡ್ಡಕ್ಕೆ ಗೀರು ಎಳೆದರೆ ಸಾಕು, ಖರ್ಚೂ ಇಲ್ಲ. ಕಲ್ಲೇ ಬೇಕು ಅಂದರೆ ಬೆಂಕಿ ಹಾಯಿಸಿ ಒರಟು ಮಾಡಿದ ಗ್ರಾನೈಟ್ ಕೇಳಿ.

ಹಿಡಿದು ಹತ್ತಲು ಪೈಪಿನ ಕೈಪಿಡಿ ಎರಡೂ ಬದಿಗೆ, ಎರಡು ಎತ್ತರದಲ್ಲಿ: 3 ಅಡಿಗೆ ಒಂದು, 2 ಅಡಿ 4 ಇಂಚಿಗೆ ಒಂದು. ಕೆಳಗಿನದು ಮಕ್ಕಳಿಗೆ, ಕುರ್ಚಿಯಲ್ಲಿ ಕೂತವರಿಗೆ. ಒಂದೂವರೆ ಇಂಚಿನ ಪೈಪು, ಗೋಡೆಯಿಂದ 2 ಇಂಚು ದೂರ, ರ‍್ಯಾಂಪ್ ಮುಗಿದ ಮೇಲೂ ಒಂದು ಅಡಿ ಮುಂದಕ್ಕೆ ಚಾಚಿ ತುದಿ ಬಗ್ಗಿಸಿರಬೇಕು. ಚಕ್ರ ಅಂಚಿನಿಂದ ಜಾರದಂತೆ ಬದಿಗೆ 4 ಇಂಚಿನ ಕಟ್ಟೆ. ಹೊಳೆಯುವ ಸ್ಟೀಲ್ ಪೈಪು ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಮಧ್ಯಾಹ್ನ ಮುಟ್ಟಲಾಗದಷ್ಟು ಕಾಯುತ್ತದೆ. ಮೇಲೊಂದು ಶೀಟಿನ ನೆರಳು ಮಾಡಿಸಿ, ಇಲ್ಲವೇ ಬಣ್ಣ ಹೊಡೆದ ಕಬ್ಬಿಣದ ಪೈಪಿಗೆ ಪ್ಲಾಸ್ಟಿಕ್ ತೋಳು ಹಾಕಿಸಿ.

ಕೆಲಸ ಸರಿಯಾಗಿದೆಯೇ ಎಂದು ನೀವೇ ನೋಡಬಹುದು. ನಾಲ್ಕು ಅಡಿಯ ನೇರ ಪಟ್ಟಿಯ ಒಂದು ತುದಿಯನ್ನು ಇಳಿಜಾರಿನ ಮೇಲಿಟ್ಟು, ರಸಮಟ್ಟದಿಂದ ಪಟ್ಟಿಯನ್ನು ಮಟ್ಟ ಮಾಡಿ ಹಿಡಿಯಿರಿ. ಇನ್ನೊಂದು ತುದಿಯ ಕೆಳಗೆ 4 ಇಂಚು ಸಂದು ಇದ್ದರೆ ಸರಿ. 5 ಇಂಚು ಬಂದರೆ ಕಾಂಕ್ರೀಟ್ ಹಾಕುವ ಮೊದಲೇ ಗರಸು ಸರಿಮಾಡಿಸಿ. ಹಾಕಿದ ಮೇಲೆ ಯಾರೂ ಒಡೆಯುವುದಿಲ್ಲ.

ಗ್ರಾಮಪುನರ್ವಸತಿ_ಚನ್ನಗಿರಿ:

ಸಿವಿಲ್ ಸರ್ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ರ‍್ಯಾಂಪ್ ಕಟ್ಟಿದ ಮೇಲೆ ಅದರ ಬುಡ ಖಾಲಿ ಇಡೋದೇ ದೊಡ್ಡ ಕೆಲಸ ನೋಡ್ರಿ. ಬೈಕ್ ನಿಲ್ಲಿಸ್ತಾರೆ, ಚಪ್ಪಲಿ ರಾಶಿ ಬೀಳ್ತೈತಿ, ಜನರೇಟರ್ ಇಡ್ತಾರೆ, ಶಾಮಿಯಾನದವ್ರು ಕೈಪಿಡಿಗೇ ಹಗ್ಗ ಕಟ್ತಾರೆ. ಶಾಮಿಯಾನಕ್ಕೆ ಬೇರೆ ಕೊಂಡಿ ಹಾಕಿಸ್ರಿ. ಚಪ್ಪಲಿ ಸ್ಟ್ಯಾಂಡನ್ನ ಮೆಟ್ಟಿಲಿನ ಬಲಕ್ಕೆ ಇಡ್ರಿ. ರ‍್ಯಾಂಪ್ ಬುಡದಾಗ 5 ಅಡಿ ಚೌಕ ಹಳದಿ ಬಣ್ಣ ಬಳಿಸಿ, ಕಾರ್ಯಕ್ರಮದ ದಿನ ಅದನ್ನ ಕಾಯೋ ಜವಾಬ್ದಾರಿ ಒಬ್ಬರ ಹೆಸರಿಗೆ ಬರೀರಿ. "ಎಲ್ಲರೂ ನೋಡಿಕೊಳ್ಳಿ" ಅಂದ್ರೆ ಯಾರೂ ನೋಡೋದಿಲ್ಲ.

ರಸ್ತೆಯಿಂದ ಗೇಟಿನ ತನಕ ದಾರಿನೂ ನೋಡ್ರಿ. ಚರಂಡಿ ಮ್ಯಾಲಿನ ಚಪ್ಪಡಿ ನಡುವೆ ಒಂದೂವರೆ ಇಂಚು ಸಂದು ಇದ್ರೆ ಮುಂದಿನ ಗಾಲಿ ಅದರೊಳಗೆ ಸಿಕ್ಕೊಳ್ತೈತಿ. ಇದಕ್ಕೆ ಗ್ರಾಮ ಪಂಚಾಯಿತಿ ಕೇಳಬಹುದು. ಪಂಚಾಯಿತಿ ತನ್ನ ಸ್ವಂತ ಸಂಪನ್ಮೂಲದಾಗ ಶೇ 5 ವಿಕಲಚೇತನರಿಗೆ ತೆಗೆದಿಡಬೇಕು. ಆದ್ರೆ ಟ್ರಸ್ಟಿನ ಕಟ್ಟಡಕ್ಕೆ ಆ ಹಣ ಕೇಳಿದ್ರೆ ಆಡಿಟ್‌ನಾಗ ಆಕ್ಷೇಪ ಬರಬಹುದು. ರಸ್ತೆ, ಚರಂಡಿ, ಬೀದಿದೀಪ ಪಂಚಾಯಿತಿದೇ ಆಸ್ತಿ, ಅದನ್ನ ಕೇಳ್ರಿ. ಬಾಯಿಮಾತಿನಾಗ ಪಿಡಿಒಗೆ ಹೇಳಿ ಬರಬ್ಯಾಡ್ರಿ. ವಿಕಲಚೇತನರ ವಿಶೇಷ ಗ್ರಾಮಸಭೆಯಾಗ ಅವರೇ ಎದ್ದು ಕೇಳಲಿ, ನಡವಳಿ ಪುಸ್ತಕದಾಗ ಬರೆಸ್ರಿ, ಅದರ ನಕಲು ತಗೊಳ್ರಿ.

ಕಮಿಟಿಯಾಗ ಯಾರಾದ್ರೂ "ಗುಡಿ ಭವನಕ್ಕೆ ಇದೆಲ್ಲ ಕಡ್ಡಾಯವೇನು?" ಅಂತ ಕೇಳಿದ್ರೆ: 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸಾರ್ವಜನಿಕ ಕಟ್ಟಡ ಅಂತ ಹೇಳುವಾಗ ಖಾಸಗಿಯದ್ದು, ಧಾರ್ಮಿಕದ್ದು, ಸಾಂಸ್ಕೃತಿಕದ್ದು ಎಲ್ಲ ಸೇರಿಸೈತಿ. 44ನೇ ಕಲಂ ಪ್ರಕಾರ ಮಾನದಂಡ ಪಾಲಿಸದ ನಕ್ಷೆಗೆ ಕಟ್ಟಡ ಪರವಾನಗಿನೇ ಕೊಡಂಗಿಲ್ಲ. ಹಳೇ ಕಟ್ಟಡ ಸರಿಮಾಡಕ್ಕೆ ಕೊಟ್ಟಿದ್ದ ಐದು ವರ್ಷ 2022ಕ್ಕೇ ಮುಗೀತು. 2024ರ ನವೆಂಬರ್ 8ಕ್ಕೆ ಸುಪ್ರೀಂ ಕೋರ್ಟು ಸಹ ಇಂಥ ಮಾನದಂಡ ಬರೀ ಸಲಹೆ ಆಗಿದ್ರೆ ಸಾಲದು, ಕಡ್ಡಾಯ ಆಗಿರಬೇಕು ಅಂತ ಹೇಳೈತಿ.

ಇನ್ನು ನೀವು ಕೇಳಿದ ದೊಡ್ಡ ಪ್ರಶ್ನೆ. ಊರಿನ ಪಟ್ಟಿ ನಿಮ್ಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಹತ್ರ ಇರ್ತೈತಿ. ಅವರನ್ನ ಕರ್ಕೊಂಡು, ಜಾತ್ರೆಗೆ ಎರಡು ತಿಂಗಳು ಮೊದಲೇ ಮನೆಮನೆಗೆ ಹೋಗ್ರಿ. ಹೋದಾಗ ತಾಯಿ ಜತೆ, ಅಣ್ಣನ ಜತೆ ಅಷ್ಟೇ ಮಾತಾಡಿ ಬರಬ್ಯಾಡ್ರಿ, ಅವರನ್ನೇ ಕೇಳ್ರಿ. "ಈ ಸಲ ಯಾವ ಕೆಲಸ ವಹಿಸ್ಕೊಳ್ತೀರಿ?" ಅನ್ನೋದು ಮೊದಲ ಪ್ರಶ್ನೆ ಆಗಲಿ. ದೇಣಿಗೆ ರಸೀದಿ ಬರೆಯೋದು, ಲೆಕ್ಕ, ಮೈಕಿನಾಗ ಹೇಳೋದು, ಭಜನೆ, ತೋರಣ ಕಟ್ಟೋದು, ವಿಡಿಯೊ ತೆಗೆಯೋದು, ಫೋನ್ ಮಾಡಿ ಜನ ಕರೆಯೋದು. ರಸೀದಿ ಟೇಬಲ್ 30 ಇಂಚು ಎತ್ತರ, ಕೆಳಗೆ ಮೊಣಕಾಲಿಗೆ ಜಾಗ ಇದ್ರೆ ಗಾಲಿಕುರ್ಚಿ ನೇರ ಒಳಗೆ ಹೋಗ್ತೈತಿ. ಕೆಲಸ ಇದ್ದವರು ಜಾತ್ರೆಗೆ ಬರ್ತಾರೆ, ಜನ ಅವರನ್ನ ಹುಡುಕ್ಕೊಂಡು ಬರ್ತಾರೆ. ಶಾಲು ಹೊದಿಸಿ ಫೋಟೊ ತೆಗೆಸೋ ಸನ್ಮಾನ ಬಿಡ್ರಿ. ವೇದಿಕೆ ಮ್ಯಾಲೆ ಕರೆದು "ಪಾಪ" ಅನಿಸಿಕೊಂಡು ಇಳಿದವರು ಮುಂದಿನ ವರ್ಷ ಬರಂಗಿಲ್ಲ.

ಕಮಿಟಿಯಾಗ ಇಬ್ಬರಿಗೆ ಸದಸ್ಯತ್ವ ಕೊಡ್ರಿ, ಒಬ್ಬರು ಹೆಣ್ಣುಮಕ್ಕಳಿರಲಿ. ಆಮೇಲೆ ಸಭೆನ ಮಹಡಿ ಕೋಣೆಯಾಗ ಕರೀಬ್ಯಾಡ್ರಿ. ರಾತ್ರಿ ಒಂಬತ್ತಕ್ಕೂ ಬ್ಯಾಡ, ಆ ಹೊತ್ತಿನಾಗ ಆಟೊ ಸಿಗಂಗಿಲ್ಲ.

ಹೆಸರಿನ ಬಗ್ಗೆನೂ ಒಂದು ಮಾತು. ಮೈಕಿನಾಗ "ಕುಂಟ ಬಸಣ್ಣ" ಅಂತ ಕರೆಯೋದು ಊರಿನ ರೂಢಿ ಅಂತ ಸಮರ್ಥನೆ ಮಾಡ್ತಾರೆ. ಸಾರ್ವಜನಿಕವಾಗಿ ಬೇಕಂತಲೇ ಅವಮಾನ ಮಾಡಿದ್ರೆ ಅದೇ 2016ರ ಕಾಯ್ದೆಯ 92ನೇ ಕಲಂನಾಗ ಆರು ತಿಂಗಳಿಂದ ಐದು ವರ್ಷ ಜೈಲು ಐತಿ. ಅಷ್ಟು ದೂರ ಹೋಗೋದೇ ಬ್ಯಾಡ. ಅಪ್ಪ ಅಮ್ಮ ಇಟ್ಟ ಹೆಸರು ಐತಿ, ಅದರ ಮುಂದೆ ಅಣ್ಣ, ಅಕ್ಕ ಸೇರಿಸಿ ಕರೀರಿ.

ಬಿಳಿಕೋಲು_ದುರ್ಗ:

ಕಣ್ಣು ಕಾಣದವರ ಕಡೆಯಿಂದ ಕೆಲವು ವಿಷಯ.

ಜಾತ್ರೆಯ ಆಹ್ವಾನವನ್ನು ಎಲ್ಲರೂ ವಾಟ್ಸ್ಆ್ಯಪ್‌ನಲ್ಲಿ ಚಿತ್ರವಾಗಿ ಕಳಿಸುತ್ತಾರೆ. ಫೋನಿನ ಓದುವ ತಂತ್ರಾಂಶಕ್ಕೆ ಹೆಚ್ಚಿನ ಸಲ ಅದು ಬರಿಯ "ಫೋಟೊ". ಚಿತ್ರದ ಕೆಳಗೆ ಅದೇ ವಿಷಯವನ್ನು ಯುನಿಕೋಡ್‌ನಲ್ಲಿ ಟೈಪ್ ಮಾಡಿ ಹಾಕಿ: ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ಸೇರಬೇಕು, ಯಾರಿಗೆ ಫೋನ್ ಮಾಡಬೇಕು. ಪ್ರೆಸ್ಸಿನವರು 'ನುಡಿ' ತಂತ್ರಾಂಶದಲ್ಲಿ ಮಾಡಿದ ಫೈಲಿನಿಂದ ನಕಲು ಮಾಡಿ ಅಂಟಿಸಬೇಡಿ. ಹಳೆಯ ಆಸ್ಕಿ ಅಕ್ಷರವಾದರೆ ಫೋನು ಅರ್ಥವಿಲ್ಲದ ಸದ್ದು ಮಾಡುತ್ತದೆ. ಟೈಪ್ ಮಾಡಲು ಬೇಸರವಾದರೆ ಒಂದು ನಿಮಿಷದ ಧ್ವನಿ ಸಂದೇಶ ಸಾಕು. ಓದು ಬಾರದ ಹಿರಿಯರಿಗೂ ಅದೇ ಅನುಕೂಲ.

ಕಟ್ಟಡದಲ್ಲಿ ಆರು ಮೆಟ್ಟಿಲಿನ ಪ್ರತಿ ಅಂಚಿಗೂ 2 ಇಂಚಿನ ಹಳದಿ ಪಟ್ಟಿ ಬಳಿಸಿ. ಸ್ವಲ್ಪ ದೃಷ್ಟಿ ಇರುವವರಿಗೆ ಒಂದೇ ಬಣ್ಣದ ಕಲ್ಲಿನ ಮೆಟ್ಟಿಲು ಮೇಲಿನಿಂದ ಇಳಿಜಾರಿನಂತೆಯೇ ತೋರುತ್ತದೆ. ಮೆಟ್ಟಿಲು ಶುರುವಾಗುವ ಒಂದು ಅಡಿ ಮೊದಲು, ಮೇಲೂ ಕೆಳಗೂ, ಗುಬ್ಬಿ ಎದ್ದಿರುವ ಎಚ್ಚರಿಕೆ ಟೈಲ್ಸ್ ಒಂದು ಸಾಲು. ಮಹಡಿ ಮೆಟ್ಟಿಲಿನ ಕೆಳಗೆ ತಲೆ ತಾಗುವ ಜಾಗವಿದ್ದರೆ ಅಲ್ಲಿ ಗಿಡದ ಕುಂಡ ಸಾಲಾಗಿ ಇಟ್ಟು ಮುಚ್ಚಿ. ಕೋಲು ನೆಲದಲ್ಲಿರುವುದನ್ನು ಹಿಡಿಯುತ್ತದೆ. ಎದೆಮಟ್ಟದ ಶಾಮಿಯಾನದ ಹಗ್ಗ, ಗೋಡೆಯಿಂದ ಚಾಚಿದ ಸೌಂಡ್ ಬಾಕ್ಸು ಕೋಲಿಗೆ ಸಿಗುವುದಿಲ್ಲ, ಮುಖಕ್ಕೇ ಹೊಡೆಯುತ್ತವೆ.

ಕರೆದುಕೊಂಡು ಹೋಗುವಾಗ ರಟ್ಟೆ ಹಿಡಿದು ದೂಡಬೇಡಿ, ಕೋಲು ಕಿತ್ತುಕೊಳ್ಳಬೇಡಿ. ನಿಮ್ಮ ಮೊಣಕೈ ಕೊಡಿ, ಅವರು ಹಿಡಿದು ಅರ್ಧ ಹೆಜ್ಜೆ ಹಿಂದೆ ಬರುತ್ತಾರೆ. "ಮೂರು ಮೆಟ್ಟಿಲು, ಮೇಲಕ್ಕೆ" ಎಂದು ಎಣಿಕೆ ಸಮೇತ ಹೇಳಿ. ಕೂರಿಸುವಾಗ ಅವರ ಕೈಯನ್ನು ಕುರ್ಚಿಯ ಬೆನ್ನಿಗೆ ತಾಗಿಸಿ, ಉಳಿದದ್ದು ಅವರಿಗೆ ಗೊತ್ತು. ನೀವು ಎದ್ದು ಹೋಗುವಾಗ ಹೇಳಿ ಹೋಗಿ. ಹೇಳದೆ ಹೋದರೆ ಅವರು ಖಾಲಿ ಜಾಗದ ಜತೆ ಮಾತಾಡುತ್ತಿರುತ್ತಾರೆ, ಸುತ್ತಲಿನವರು ನೋಡುತ್ತಿರುತ್ತಾರೆ. ಆ ಸಂಕಟ ಬೇಡ.

ಊಟದ ಸಾಲಿನಲ್ಲಿ ಬಡಿಸುವವರು ಮೊದಲು ಹೆಸರು ಹೇಳಿ, ಆಮೇಲೆ ಬಡಿಸಬೇಕು. "ಮೇಲೆ ಎಡಕ್ಕೆ ಉಪ್ಪು, ಉಪ್ಪಿನಕಾಯಿ. ಮೇಲೆ ನಡುವೆ ಪಲ್ಯ. ಕೆಳಗೆ ಬಲಕ್ಕೆ ಪಾಯಸ." ಬಿಸಿ ಸಾರು ಬಂದಾಗ "ಸಾರು, ಬಿಸಿ ಇದೆ, ಕೈ ತೆಗೀರಿ" ಎನ್ನುವುದು ತಪ್ಪಬಾರದು. ನೀರಿನ ಲೋಟ ಪ್ರತಿ ಸಲ ಒಂದೇ ಕಡೆ ಇರಲಿ.

ತೇರಿನ ಬಗ್ಗೆ. ತೇರು ಕಟ್ಟುವ ದಿನ ಮುಂಚಿತವಾಗಿ ಕರೆಯಿರಿ. ಗಾಲಿ, ಅಚ್ಚು, ಕೆತ್ತನೆ, ಹಗ್ಗ ಎಲ್ಲವನ್ನೂ ಕೈಯಿಂದ ಮುಟ್ಟಿ ನೋಡಲು ಬಿಡಿ. ಎಳೆಯುವ ದಿನ ಮಿಣಿಗೆ ಕೈ ಹಾಕಬೇಕೆಂಬ ಆಸೆ ಇದ್ದರೆ ಹಗ್ಗದ ಮುಂದಿನ ತುದಿಯಲ್ಲಿ, ಹೊರಬದಿಗೆ, ಜತೆಗೊಬ್ಬರು ಇದ್ದು ಎಳೆಯಲಿ. ಗಾಲಿಯ ಹತ್ತಿರದ ಭಾಗ ಬೇಡ. ನಾಯಕನಹಟ್ಟಿಯಂಥ ದೊಡ್ಡ ತೇರಿಗೆ ಈ ಮಾತು ಹೊಂದುವುದಿಲ್ಲ, ಅಲ್ಲಿ ನೂಕುನುಗ್ಗಲೇ ಬೇರೆ. ಹಳ್ಳಿ ತೇರಿಗೆ ಖಂಡಿತ ಆಗುತ್ತದೆ.

ಜಾತ್ರೆಕಮಿಟಿ_ದಾವಣಗೆರೆ:

ಎಲ್ಲರಿಗೂ ಋಣಿ. ಎರಡು ಕೇಳಬೇಕಿತ್ತು. ಗಾಲಿಕುರ್ಚಿಯವರಿಗೆ ಊಟಕ್ಕೆ ಮುಂದೆ ಒಂದು ಪ್ರತ್ಯೇಕ ಸಾಲು ಮೀಸಲಿಡೋಣ ಎಂದು ಕೆಲವರು ಹೇಳುತ್ತಿದ್ದಾರೆ, ಸರಿಯೇ? ಎರಡನೆಯದು, ಗುಡಿಯೊಳಗೆ. ಬೀದಿಯಲ್ಲಿ ಉರುಳಿದ ಚಕ್ರ, ಕ್ಯಾಲಿಪರ್ ಜತೆಗಿನ ಬೂಟು ಒಳಗೆ ಬರಬಾರದು ಎಂದು ಹಿರಿಯರು ಹಿಡಿದು ಕೂತಿದ್ದಾರೆ. ಅವರನ್ನು ನೋಯಿಸದೆ ದಾರಿ ಇದೆಯೇ?

ವಿಶೇಷಶಿಕ್ಷಕಿ_ದಾವಣಗೆರೆ:

ಪ್ರತ್ಯೇಕ ಸಾಲು ಬೇಡ ಅಣ್ಣ. ಎಷ್ಟೇ ಮುಂದೆ ಇಟ್ಟರೂ ಅವರು ಹೆಂಡತಿ, ಮಕ್ಕಳು, ಗೆಳೆಯರಿಂದ ದೂರ ಕೂರಬೇಕಾಗುತ್ತದೆ. ಟೇಬಲ್ ಸಾಲುಗಳಲ್ಲಿ ಅಲ್ಲಲ್ಲಿ ಒಂದೊಂದು ಕುರ್ಚಿ ತೆಗೆದುಬಿಡಿ, ಸಾಲಿನ ಕೊನೆಯಲ್ಲಷ್ಟೇ ಅಲ್ಲ, ನಡುವೆಯೂ. ಒಂದು ಗಾಲಿಕುರ್ಚಿಗೆ 3 ಅಡಿ ಅಗಲ, ಟೇಬಲ್ ಕೆಳಗೆ 28 ಇಂಚು ಎತ್ತರ ಖಾಲಿ, ಸಾಲುಗಳ ನಡುವೆ 4 ಅಡಿ ದಾರಿ. ಕಲ್ಲಿನ ಟೇಬಲ್, ಕಲ್ಲಿನ ಬೆಂಚು ಕಟ್ಟಿಸುವುದಾದರೆ ಬೆಂಚು ಉದ್ದಕ್ಕೂ ಒಂದೇ ಆಗದೆ ನಡುವೆ ಬಿಟ್ಟಿರಲಿ. ನೆಲದ ಪಂಕ್ತಿಯಾದರೆ ಕುರ್ಚಿಯಲ್ಲಿ ಕೂತವರ ಪಕ್ಕ ಮನೆಯವರೂ ನಾಲ್ಕೈದು ಜನ ಕುರ್ಚಿ ಹಾಕಿಕೊಂಡು ಕೂತರೆ ಆಯಿತು.

ಗುಡಿಯ ವಿಷಯಕ್ಕೆ ದಾರಿ ಇದೆ. ಬಾಗಿಲಲ್ಲಿ ಒದ್ದೆ ನಾರಿನ ಚಾಪೆ ಹಾಸಿ. ಗಾಲಿಕುರ್ಚಿಯ ದೊಡ್ಡ ಚಕ್ರ 24 ಇಂಚಿನದು, ಒಂದು ಸುತ್ತು ಉರುಳಲು ಆರೂಕಾಲು ಅಡಿ ಬೇಕು. ಚಾಪೆ ಏಳು ಅಡಿ ಉದ್ದ ಇದ್ದರೆ ಚಕ್ರ ಪೂರ್ತಿ ಒರೆಸಿಕೊಳ್ಳುತ್ತದೆ. ಮೂರು ಅಡಿಯದು ಹಾಕಿದರೆ ಅರ್ಧ ಚಕ್ರ ಮಾತ್ರ ಒರೆಸುತ್ತದೆ. ಆಮೇಲೆ ಎರಡು ಅಡಿ ಒಣ ಚಾಪೆ, ಇಲ್ಲದಿದ್ದರೆ ಒಳಗಿನ ಕಲ್ಲು ಜಾರುತ್ತದೆ. ಗುಡಿಯದೇ ಒಂದು ಶುದ್ಧ ಕುರ್ಚಿ ಇಟ್ಟರೂ ಆಗುತ್ತದೆ. ಆದರೆ ಒಂದರಿಂದ ಇನ್ನೊಂದಕ್ಕೆ ದಾಟುವುದು ಎಲ್ಲರಿಗೂ ಸಾಧ್ಯವಿಲ್ಲ. ಬೆನ್ನುಹುರಿ ಪೆಟ್ಟಾದವರು ತಮ್ಮ ದಿಂಬಿನ ಮೇಲೇ ಕೂರಬೇಕು, ಇಲ್ಲದಿದ್ದರೆ ಹುಣ್ಣಾಗುತ್ತದೆ. ಆಯ್ಕೆ ಅವರದೇ ಇರಲಿ. ಎತ್ತಿ ಒಯ್ಯುತ್ತೇವೆ ಎಂದು ಯಾರೂ ಕೈ ಹಾಕದಿರಲಿ.

ಕ್ಯಾಲಿಪರಿನ ಕಬ್ಬಿಣ ಬೂಟಿನ ಹಿಮ್ಮಡಿಗೇ ಜೋಡಿಸಿರುತ್ತದೆ. ಬೂಟು ಬಿಚ್ಚಿದರೆ ಅವರು ನಿಲ್ಲಲಾರರು. ಅದು ಚಪ್ಪಲಿಯಲ್ಲ, ಕಾಲೇ ಎಂದು ಹಿರಿಯರಿಗೆ ವಿವರಿಸಿ. ಮಡಿಬಟ್ಟೆಯ ಚೀಲ ಹೊಲಿಸಿ ಬಾಗಿಲಲ್ಲಿಡಿ, ಬೂಟಿನ ಮೇಲೆ ಹಾಕಿ ದಾರ ಕಟ್ಟಿದರೆ ಸಾಕು. ಚೀಲದ ತಳಕ್ಕೆ ಒರಟು ಬಟ್ಟೆ, ನುಣುಪು ಬಟ್ಟೆ ಜಾರಿಸುತ್ತದೆ. ಊರುಗೋಲಿನ ರಬ್ಬರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ ಒಳಗೆ ಬಿಡಿ. ರಬ್ಬರು ಸವೆದು ಕಬ್ಬಿಣ ಕಾಣುತ್ತಿದ್ದರೆ ಅವತ್ತೇ ಬದಲಾಯಿಸಿಕೊಡಿ. ತೇರಿಗೆ ಎಸೆದ ಬಾಳೆಹಣ್ಣು ಬಿದ್ದ ದಾರಿಯಲ್ಲಿ ಸವೆದ ರಬ್ಬರು ಬೀಳಿಸುವುದು ಖಚಿತ. ಅಲ್ಲಿ ಗುಡಿಸಲು ಒಬ್ಬರನ್ನು ನೇಮಿಸಿ.

ಕಿವಿ ಕೇಳದವರ ಬಗ್ಗೆ ಇಲ್ಲಿ ಇನ್ನೂ ಯಾರೂ ಬರೆದಿಲ್ಲ. ಇವರೇ ಹೆಚ್ಚು ಒಂಟಿಯಾಗುವವರು, ಏಕೆಂದರೆ ದೇಹದಿಂದ ಎಲ್ಲ ಕಡೆಗೂ ಬರುತ್ತಾರೆ, ಮಾತಿನಿಂದ ಹೊರಗಿರುತ್ತಾರೆ. ಸಭೆಯಲ್ಲಿ ದುಂಡಗೆ ಕೂರಿ, ಒಬ್ಬೊಬ್ಬರೇ ಮಾತಾಡಿ, ಮಾತಾಡುವವರು ಕೈ ಎತ್ತಲಿ. ದೀಪ ಮುಖದ ಮೇಲೆ ಬೀಳಬೇಕು. ಕಿಟಕಿಗೆ ಬೆನ್ನು ಹಾಕಿ ನಿಂತರೆ ತುಟಿ ಕಾಣುವುದಿಲ್ಲ. ಮೈಕಿನಲ್ಲಿ ಹೇಳಿದ ಪ್ರತಿ ಪ್ರಕಟಣೆಯನ್ನೂ ಬಾಗಿಲ ಬಳಿಯ ಹಲಗೆಯಲ್ಲಿ ದೊಡ್ಡದಾಗಿ ಬರೆಯಿರಿ. ಆದರೆ ಶಾಲೆಗೆ ಹೋಗದ ಕಿವುಡರಿಗೆ ಬರಹವೂ ಬಾರದು, ಭಾರತೀಯ ಸಂಜ್ಞೆ ಭಾಷೆಯೂ ಬಾರದು. ಮನೆಯ ಸನ್ನೆಗಳು ಮಾತ್ರ ಗೊತ್ತು. ಅವರ ಅಕ್ಕನೋ ತಮ್ಮನೋ ಆ ಸನ್ನೆ ಬಲ್ಲವರು, ಅವರಿಂದ ಸ್ವಯಂಸೇವಕರು ಮೂವತ್ತು ಸನ್ನೆ ಕಲಿಯಲಿ: ಊಟ, ನೀರು, ಬಾ, ಕಾಯಿ, ತೇರು, ಎಷ್ಟು, ಯಾರು. ಶಾಲೆ ಕಲಿತವರಿಗೆ ಸಂಜ್ಞೆ ಭಾಷೆಯೇ ಸರಿ, ಅದರ 10 ಸಾವಿರ ಪದಗಳ ನಿಘಂಟು ಆನ್‌ಲೈನಿನಲ್ಲಿ ವಿಡಿಯೊ ಸಮೇತ ಸಿಗುತ್ತದೆ. ದಾವಣಗೆರೆಯಲ್ಲೇ ಕೇಂದ್ರ ಸರ್ಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರ ಇದೆ, ಜನ ಸಿಆರ್‌ಸಿ ಅನ್ನುತ್ತಾರೆ. ವಾಕ್ ಶ್ರವಣ ಪರೀಕ್ಷೆ, ವಿಶೇಷ ಶಿಕ್ಷಣ, ಸಾಧನ ಸಲಕರಣೆಗಳ ವಿಷಯಕ್ಕೆ ಅಲ್ಲಿ ವಿಚಾರಿಸಿ.

ಬುದ್ಧಿ ಬೆಳವಣಿಗೆ ನಿಧಾನವಾದ ಮಕ್ಕಳು, ಆಟಿಸಂ ಇರುವ ಮಕ್ಕಳಿಗೆ ಡೊಳ್ಳು, ತಮಟೆ, ಪಟಾಕಿ ತಡೆಯಲಾಗುವುದಿಲ್ಲ. ಕಿವಿ ಮುಚ್ಚಿ ಕೂಗಿದರೆ "ದೇವರು ಬಂತು" ಎಂದೋ "ಹಟ" ಎಂದೋ ಜನ ಅನ್ನುತ್ತಾರೆ. ಭವನದ ಹಿಂದಿನ ಒಂದು ಕೋಣೆಯನ್ನು ಚಾಪೆ, ಫ್ಯಾನು, ಮಂದ ಬೆಳಕಿನೊಂದಿಗೆ ಖಾಲಿ ಇಡಿ. ಹಿಂದಿನ ದಿನ, ಜನ ಇಲ್ಲದಾಗ, ಮಗುವನ್ನು ಭವನಕ್ಕೆ ಕರೆತಂದು ಎಲ್ಲ ತೋರಿಸಿ. ಮುಂಗೈಗೆ ಮನೆಯವರ ಫೋನ್ ಸಂಖ್ಯೆ ಪೆನ್ನಿನಲ್ಲಿ ಬರೆಯಿರಿ. ಕೆಲಸ ಕೊಡುವಾಗ ಒಂದು ಸಲಕ್ಕೆ ಒಂದೇ ಹೆಜ್ಜೆ. "ಪಂಕ್ತಿ ನೋಡ್ಕೋ" ಅಂದರೆ ಆಗುವುದಿಲ್ಲ. "ಈ ಸಾಲಿಗೆ ಒಬ್ಬರಿಗೊಂದು ಎಲೆ" ಎಂದು ಮೊದಲೆರಡು ಎಲೆ ಜತೆಯಲ್ಲೇ ಹಾಕಿ ತೋರಿಸಿದರೆ ಮೂರನೆಯದರಿಂದ ಅವರೇ ಹಾಕುತ್ತಾರೆ. ಮುಂದಿನ ವರ್ಷವೂ ಅದೇ ಕೆಲಸ ಅದೇ ಮಗುವಿಗೆ ಸಿಗಲಿ.

ಮೂರ್ಛೆ ಬಂದರೆ: ಬೀಗದ ಕೈ ಕೊಡುವುದು, ಈರುಳ್ಳಿ ಮೂಸಿಸುವುದು, ಬಾಯಿಗೆ ಚಮಚ ಇಡುವುದು ಯಾವುದೂ ಬೇಡ. ತಲೆ ಕೆಳಗೆ ಮಡಚಿದ ಟವೆಲ್, ಪಕ್ಕಕ್ಕೆ ಹೊರಳಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ, ಅಥವಾ ಒಂದು ನಿಂತು ಎಚ್ಚರ ಬರುವ ಮೊದಲೇ ಇನ್ನೊಂದು ಬಂದರೆ 108.

ಹರಿಹರ_ಸಿವಿಲ್:

ಶೌಚಾಲಯ ಮರೆಯಬೇಡಿ. ಹೊರಗಿನ ಶೌಚಾಲಯ ಬಳಸಲಾಗದವರು, ಮುಖ್ಯವಾಗಿ ಹೆಣ್ಣುಮಕ್ಕಳು, ಬೆಳಗಿನಿಂದ ನೀರು ಕುಡಿಯದೆ ಬರುತ್ತಾರೆ, ಇಲ್ಲವೇ ಬರುವುದೇ ಇಲ್ಲ.

ಒಳಅಳತೆ 7 ಅಡಿ 3 ಇಂಚು, 6 ಅಡಿ 7 ಇಂಚು ಕನಿಷ್ಠ. ಕುರ್ಚಿ ಒಳಗೆ ತಿರುಗಲು 5 ಅಡಿ ಸುತ್ತು ಖಾಲಿ ಸಿಗಬೇಕು. ಬಾಗಿಲು 3 ಅಡಿ ಸ್ಪಷ್ಟ ದಾರಿ ಬಿಡಬೇಕು, ಹೊರಕ್ಕೆ ತೆರೆಯಬೇಕು. ಒಳಕ್ಕೆ ತೆರೆದರೆ ಒಳಗೆ ಬಿದ್ದವರ ದೇಹವೇ ಬಾಗಿಲಿಗೆ ಅಡ್ಡವಾಗುತ್ತದೆ. ಹೊಸ್ತಿಲು ಇರಬಾರದು. ನೀರು ಹೊರಗೆ ಬರುತ್ತದೆ ಎಂದು ಮೇಸ್ತ್ರಿ ಎರಡು ಇಂಚು ತಗ್ಗಿಸುತ್ತಾರೆ. ಅದರ ಬದಲು ನೆಲವನ್ನು ಒಳಮೂಲೆಯ ಜಾಲರಿಯ ಕಡೆಗೆ ಇಳಿಜಾರು ಮಾಡಿಸಿ, ಬಾಗಿಲಿಗೆ ಅಡ್ಡವಾಗಿ ಒಂದು ಉದ್ದನೆಯ ಜಾಲರಿ ಹಾಕಿಸಿ.

ಕಮೋಡಿನ ಸೀಟು ನೆಲದಿಂದ 18 ಇಂಚು, ಮಧ್ಯರೇಖೆ ಪಕ್ಕದ ಗೋಡೆಯಿಂದ 18 ಇಂಚು, ಇನ್ನೊಂದು ಪಕ್ಕ ಕುರ್ಚಿ ನಿಲ್ಲಲು 3 ಅಡಿ. ಗೋಡೆಯ ಕಡೆಗೆ ಅಡ್ಡ ಹಿಡಿಕೆ 28 ಇಂಚು ಎತ್ತರಕ್ಕೆ, ತೆರೆದ ಕಡೆಗೆ ಮೇಲೆತ್ತುವ ಹಿಡಿಕೆ. ತೊಳೆದುಕೊಳ್ಳುವ ಪೈಪು ಕೂತಲ್ಲಿಂದಲೇ ಕೈಗೆ ಸಿಗಲಿ.

ತಪ್ಪುವುದು ಎಲ್ಲಿ ಎಂದರೆ ಹಿಡಿಕೆ ಕೂರಿಸುವಲ್ಲಿ. 4 ಇಂಚಿನ ಟೊಳ್ಳು ಬ್ಲಾಕಿನ ಗೋಡೆಗೆ ಪ್ಲಾಸ್ಟಿಕ್ ಗುಳಿಗೆ, ಸ್ಕ್ರೂ ಹಾಕಿ ಹೋಗುತ್ತಾರೆ. ಮೊದಲ ಸಲ ಭಾರ ಬಿಟ್ಟಾಗಲೇ ಕಿತ್ತು ಬರುತ್ತದೆ, ಹಿಡಿದವರು ಕಮೋಡಿಗೆ ತಲೆ ಹೊಡೆದುಕೊಳ್ಳುತ್ತಾರೆ. ಆ ಗೋಡೆಯನ್ನು 9 ಇಂಚಿನ ಇಟ್ಟಿಗೆಯಲ್ಲೇ ಕಟ್ಟಿಸಿ, 10 ಎಂ.ಎಂ. ಆ್ಯಂಕರ್ ಬೋಲ್ಟ್ ಹಾಕಿಸಿ. ಟೊಳ್ಳು ಬ್ಲಾಕು ಆಗಲೇ ಕಟ್ಟಿದ್ದರೆ ಬೋಲ್ಟು ಆರಪಾರ ಹಾಯಿಸಿ ಹಿಂದೆ ಕಬ್ಬಿಣದ ತಟ್ಟೆ ಕೊಡಿ. ಹಣ ಕೊಡುವ ಮೊದಲು ಇಬ್ಬರು ದೊಡ್ಡವರು ಒಟ್ಟಿಗೆ ಹಿಡಿಕೆಗೆ ಜೋತುಬಿದ್ದು ನೋಡಿ.

ಬೀಗ ಹಾಕಿ ಕೀಲಿಯನ್ನು ಕಾವಲುಗಾರರ ಹತ್ತಿರ ಇಡುವುದು, ಒಳಗೆ ಜಮಖಾನೆ, ಪಾತ್ರೆ ತುಂಬುವುದು, ಇವೆರಡನ್ನೂ ಮಾಡುವುದಿಲ್ಲ ಎಂದು ಭವನ ಬಾಡಿಗೆಗೆ ಕೊಡುವ ಕರಾರಿನಲ್ಲೇ ಸೇರಿಸಿ. ಮುರಿದವರ ಠೇವಣಿಯಲ್ಲಿ ಹಿಡಿದುಕೊಳ್ಳಿ.

ಜಾತ್ರೆಕಮಿಟಿ_ದಾವಣಗೆರೆ:

ಎಡಗಡೆಯ ಎರಡು ಸಾಲಿನ ರ‍್ಯಾಂಪನ್ನು ನಕ್ಷೆ ಬರೆಸಿ ಕಮಿಟಿ ಮುಂದೆ ಇಡುತ್ತೇನೆ. ಆ ಸಭೆಯನ್ನು ಮಹಡಿ ಬಿಟ್ಟು ಶಾಲೆಯ ಅಂಗಳದಲ್ಲಿ, ಸಂಜೆ ಐದಕ್ಕೆ ಕರೆಯುತ್ತೇವೆ. ನಮ್ಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರ ಜತೆ ಮಾತಾಡಿದ್ದೇನೆ, ಸೋಮವಾರದಿಂದ ಮನೆಗಳಿಗೆ ಹೋಗುತ್ತೇವೆ. ಒಂದು ಉಳಿಯಿತು ಸಿವಿಲ್ ಸರ್: ಕಾಂಪೌಂಡ್ ಪಕ್ಕ ಒಂದು ಹಳೇ ಬೇವಿನ ಮರ ಇದೆ, ಬೇರು ರ‍್ಯಾಂಪ್ ಸಾಲಿಗೆ ಬರುತ್ತದೆ. ಕಡಿಯಲು ಊರಿಗೆ ಮನಸ್ಸಿಲ್ಲ.

ಹರಿಹರ_ಸಿವಿಲ್:

ಕಡಿಯುವುದು ಬೇಡ, ನೆರಳು ಬೇಕೇ ಬೇಕು. ಬುಡದಿಂದ ಎಷ್ಟು ದೂರ ಎಂದು ಅಳೆದು ಹೇಳಿ. ಆರು ಅಡಿಗಿಂತ ಹತ್ತಿರ ಇದ್ದರೆ ಹೊರಸಾಲಿನ ಅಷ್ಟು ಭಾಗಕ್ಕೆ ಭರ್ತಿ, ಪಾಯ ಎರಡೂ ಬೇಡ. ಬೇರಿನ ಎರಡೂ ಬದಿಗೆ ಗುಂಡಿ ತೋಡಿ ಕಂಬ ನಿಲ್ಲಿಸಿ, ಮೇಲೆ 5 ಇಂಚಿನ ಸಲಾಕೆ ಹಾಕಿದ ಚಪ್ಪಡಿ ಎರಕ ಹೊಯ್ಯಿಸಿ, ಕೆಳಗೆ ಟೊಳ್ಳು ಬಿಡಿ. ಬೇರಿನ ಮೇಲೆ ಗರಸು ಗುದ್ದಿದರೆ ಒಂದೋ ಮರ ಒಣಗುತ್ತದೆ, ಇಲ್ಲವೇ ಬೇರು ದಪ್ಪವಾಗಿ ರ‍್ಯಾಂಪನ್ನೇ ಎತ್ತುತ್ತದೆ. ಮರದ ಬುಡದ ಫೋಟೊ ಹಾಕಿ, ಪಕ್ಕದಲ್ಲಿ ಅಳತೆ ಟೇಪು ಕಾಣುವಂತಿರಲಿ.